ನೈಟಿಯೊಳಗಿನ ನೀಲಗಿರಿ

ಹೋದ ತಿಂಗಳು ರಾಣೇಬೆನ್ನೂರಿನಿಂದ ಚಿಕ್ಕಮ್ಮ ಫೋನ್ ಮಾಡಿದಳು. ಯಾವಾಗಲೂ ಕೇಳುವ "ಊಟ ಆತೇನು, ಮಳಿ ಹೆಂಗೈತಿ" ಏನೂ ಇಲ್ಲ, ನೇರ ಬೈಗುಳ. "ಎಂಥಾ ಬಟ್ಟಿ ತಂದುಕೊಟ್ಟೀಯೋ ತಮ್ಮಾ, ಒಂದ ಸಲ ನೀರು ಕಂಡದ್ದಕ್ಕ ಮೊಣಕಾಲಿಗೆ ಬಂತು!"

ಹಬ್ಬಕ್ಕೆ ಹೋದಾಗ ಎರಡು ನೈಟಿ ತೆಗೆದುಕೊಂಡು ಹೋಗಿದ್ದೆ. ಬೆಂಗಳೂರಿನ ಒಂದು ಅಂಗಡಿ, ಹೆಸರು ಬೇಡ. ಅಂಗಡಿಯವನು ಬಟ್ಟೆಯನ್ನು ಬೆರಳ ಸಂದಿನಲ್ಲಿ ಜಾರಿಸಿ ತೋರಿಸಿ, "ಪ್ಯೂರ್ ಕಾಟನ್ ಸಾರ್, ಬೆಣ್ಣೆ ಥರ ಇದೆ ನೋಡಿ" ಅಂದ. ನಾನೂ ಮುಟ್ಟಿ ನೋಡಿದೆ, ಹೌದು, ಬೆಣ್ಣೆ ಥರವೇ ಇತ್ತು. ಕಾಟನ್ ಬೆಣ್ಣೆ ಥರ ಇರಲ್ಲ ಅನ್ನೋದು ಆಗ ಹೊಳೆಯಲಿಲ್ಲ. ಚಿಕ್ಕಮ್ಮ ಅದನ್ನು ಕಾಟನ್ ಎಂದೇ ನಂಬಿ, ರಾತ್ರಿ ಸೋಪಿನ ಪುಡಿಯಲ್ಲಿ ನೆನೆಹಾಕಿ, ಬೆಳಗ್ಗೆ ಹಿತ್ತಲ ಕಲ್ಲಿನ ಮೇಲೆ ನಾಲ್ಕು ಸಲ ಬಡಿದು, ಹಗ್ಗ ಹೊಸೆದ ಹಾಗೆ ಹಿಂಡಿ, ಬಿಸಿಲಿಗೆ ಹಾಕಿದ್ದಾಳೆ. ಸಂಜೆ ತೆಗೆದು ನೋಡಿದರೆ ಉದ್ದದಲ್ಲಿ ಒಂದು ಗೇಣು ಮಾಯ.

"ಒಳಗ ಚೀಟಿ ಇರತೈತಿ ನೋಡು, ಅದರಾಗ ಏನ್ ಬರದೈತಿ?" ಅಂದೆ.

ಕನ್ನಡಕ ಹುಡುಕಿ ಬಂದು ಓದಿದಳು. ಒಂದೊಂದೇ ಅಕ್ಷರ. ವಿಸ್ಕೋಸ್, ನೂರಕ್ಕೆ ನೂರು.

"ಹಂಗಂದ್ರ?"

"ಕಟಗಿ, ಚಿಕ್ಕಮ್ಮ. ನೀನು ಕಟಗಿ ಉಟಗೊಂಡಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಅವಳನ್ನು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು ಅಂತ ಕಾಣುತ್ತದೆ.

ತಮಾಷೆ ಅಲ್ಲ. ಅಂಗಡಿಯಲ್ಲಿ ರೆಯಾನ್, ವಿಸ್ಕೋಸ್, ಮೋಡಾಲ್, ಲಿವಾ, ಟೆನ್ಸೆಲ್ ಅಂತ ಹತ್ತು ಹೆಸರಲ್ಲಿ ಬರುವ ಬಟ್ಟೆಯೆಲ್ಲ ಹುಟ್ಟುವುದು ಮರದಿಂದ. ನಮ್ಮ ಅಜ್ಜಿ ಕಾಲದ "ಆರ್ಟ್ ಸಿಲ್ಕ್" ಸೀರೆ ಕೂಡ ಬಹುಪಾಲು ಇದೇ ವಂಶ. ಆರ್ಟ್ ಅಂದರೆ ಕಲೆ ಅಂದುಕೊಂಡವರು ನಮ್ಮನೆಯಲ್ಲೇ ಇದ್ದರು, ಅದು ಆರ್ಟಿಫಿಷಿಯಲ್ ಎನ್ನುವುದರ ಮೊಟಕು. ರಾಮಾಯಣದಲ್ಲಿ ವನವಾಸಕ್ಕೆ ಹೊರಟವರು ನಾರುಮಡಿ ಉಡುತ್ತಾರಲ್ಲ, ಅದು ತೊಗಟೆಯ ನಾರು. ಇದು ಇನ್ನೂ ಒಂದು ಹೆಜ್ಜೆ ಮುಂದೆ. ಇಡೀ ಮರವನ್ನೇ ಕರಗಿಸಿ, ದ್ರವ ಮಾಡಿ, ಮತ್ತೆ ದಾರ ಎಳೆಯುವುದು.

ಫೋನ್ ಇಟ್ಟ ಮೇಲೆ ನಗು ಬಂದದ್ದು ಬೇರೆ ಕಾರಣಕ್ಕೆ. ಚಿಕ್ಕಮ್ಮನ ಮನೆಯಿಂದ ಹರಿಹರದ ಕಡೆಗೆ 20–25 ಕಿ.ಮೀ. ಹೋದರೆ, ತುಂಗಭದ್ರೆಯ ಈಚೆ ದಡದಲ್ಲಿ, ಕುಮಾರಪಟ್ಟಣ. ಅಲ್ಲಿದೆ ಮರದಿಂದ ನಾರು ತೆಗೆಯುವ ಕಾರ್ಖಾನೆ. ಹೆಸರು ಹರಿಹರ್ ಪಾಲಿಫೈಬರ್ಸ್, ಆ ಕಡೆಯವರ ಬಾಯಲ್ಲಿ ಬರೀ "ಪಾಲಿಫೈಬರ್". ಹೆಸರಿನಲ್ಲಿ ಹರಿಹರ ಇದ್ದರೂ ಕಾರ್ಖಾನೆ ಇರುವುದು ನಮ್ಮ ರಾಣೇಬೆನ್ನೂರು ತಾಲೂಕಿನಲ್ಲಿ, ಹಾವೇರಿ ಜಿಲ್ಲೆಯಲ್ಲಿ. ಹೊಳೆ ದಾಟಿದರೆ ಹರಿಹರ, ದಾವಣಗೆರೆ ಜಿಲ್ಲೆ. ಪಕ್ಕದ ಮಗ್ಗುಲಲ್ಲೇ ಇಂಥದ್ದೊಂದು ಕಾರ್ಖಾನೆ 50 ವರ್ಷದಿಂದ ಇದ್ದರೂ ಚಿಕ್ಕಮ್ಮನಿಗೆ ವಿಸ್ಕೋಸ್ ಅಂದರೆ ಏನು ಅಂತ ಗೊತ್ತಿಲ್ಲ. ಆ ನೈಟಿಯ ನೂಲು ಅಲ್ಲಿಯದೇ ಅಂತ ನಾನು ಹೇಳುತ್ತಿಲ್ಲ, ಲೇಬಲ್ಲಿನಲ್ಲಿ ಅದನ್ನೆಲ್ಲ ಬರೆಯುವ ಪದ್ಧತಿಯೇ ಇಲ್ಲ. ಚೀನಾದ್ದೋ ಇಂಡೋನೇಷ್ಯಾದ್ದೋ ಇರಬಹುದು. ಆದರೂ.

ಮರುದಿನ ಚಿಕ್ಕಮ್ಮನೇ ಮತ್ತೆ ಫೋನ್ ಮಾಡಿ, "ಕಟಗಿಯಿಂದ ಹೆಂಗ ಬಟ್ಟಿ ಮಾಡತಾರ, ಸರಿಯಾಗಿ ಹೇಳು" ಅಂದಳು. ಅವಳಿಗೆ ರಸಾಯನಶಾಸ್ತ್ರ ಬೇಡ, ಅಡುಗೆ ಬೇಕು. ಅಡುಗೆಯ ಭಾಷೆಯಲ್ಲೇ ಹೇಳಿದೆ. ನಿಜ ಹೇಳಬೇಕೆಂದರೆ ನನಗೂ ಅದು ಪೂರ್ತಿ ಅರ್ಥವಾದದ್ದು ಹಾಗೆ ಹೇಳುವಾಗಲೇ.

ಮೊದಲು ನೀಲಗಿರಿ ಮರ. ಸರ್ವೆ, ಸುಬಾಬುಲ್ ಕೂಡ ಆಗುತ್ತದೆ. ತೊಗಟೆ ಸುಲಿದು, ಚಿಪ್ಸ್ ಮಾಡುತ್ತಾರೆ. ಮರದಲ್ಲಿ ನಮಗೆ ಬೇಕಾದ್ದು ಸೆಲ್ಯುಲೋಸ್, ಅದು ಇರುವುದು ಶೇಕಡಾ 40–45ರಷ್ಟು. ಉಳಿದದ್ದರಲ್ಲಿ ದೊಡ್ಡ ಪಾಲು ಲಿಗ್ನಿನ್, ಮರದ ಗೋಂದು ಅಂದುಕೊಳ್ಳಿ, ಮರ ನೆಟ್ಟಗೆ ನಿಲ್ಲುವುದೇ ಅದರಿಂದ. ಆ ಗೋಂದು ಬಿಡಿಸಲು ಚಿಪ್ಸನ್ನು ದೊಡ್ಡ ಪ್ರೆಶರ್ ಕುಕ್ಕರಿನಂಥ ಪಾತ್ರೆಗೆ ಹಾಕಿ, ಕಾಸ್ಟಿಕ್ ಸೋಡಾ ಮತ್ತು ಗಂಧಕದ ಉಪ್ಪು ಸೇರಿಸಿ ಬೇಯಿಸುತ್ತಾರೆ. ಬೆಂದ ಮೇಲೆ ಗಂಜಿ ಬಸಿದ ಹಾಗೆ ಬಸಿಯುತ್ತಾರೆ. ಬಸಿದ ಕಪ್ಪು ನೀರಿನಲ್ಲಿ ಲಿಗ್ನಿನ್ ಇರುತ್ತದೆ. ಅದನ್ನು ಕಾಯಿಸಿ, ನೀರು ಬತ್ತಿಸಿ, ಗಟ್ಟಿ ಮಾಡಿ ಬಾಯ್ಲರಿನಲ್ಲಿ ಉರಿಸಿದರೆ ಕಾರ್ಖಾನೆಗೆ ಬೇಕಾದ ಉಗಿ ಸಿಗುತ್ತದೆ, ಹಾಕಿದ ರಾಸಾಯನಿಕವೂ ಬಹಳಷ್ಟು ವಾಪಸ್ ಬರುತ್ತದೆ. ಸರಿಯಾಗಿ ಉರಿಸದೆ ಹೊಳೆಗೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಹೀಗೆ ಬೇಯಿಸಿ ಪಲ್ಪ್, ಅಂದರೆ ಮರದ ತಿರುಳು, ತೆಗೆಯುವ ಮಿಲ್ ಪ್ರಪಂಚದಲ್ಲಿ ಎಲ್ಲೇ ಇರಲಿ, ಕೊಳೆತ ಎಲೆಕೋಸಿನಂಥ ವಾಸನೆ ಬರುವುದೂ ಈ ಗಂಧಕದ ಅಡುಗೆಯಿಂದಲೇ.

ಉಳಿದ ತಿರುಳನ್ನು ಬಿಳುಪು ಮಾಡಿ, ಒಣಗಿಸಿ, ದಪ್ಪ ರಟ್ಟಿನ ಹಾಳೆ ಮಾಡುತ್ತಾರೆ. ಅದೇ ಪಲ್ಪ್. ಇಲ್ಲಿಯವರೆಗೆ ಕಾಗದ ಕಾರ್ಖಾನೆಯಂತೆಯೇ. ಕಾಗದಕ್ಕಾದರೆ ಸ್ವಲ್ಪ ಕಸರು ಇದ್ದರೂ ನಡೆಯುತ್ತದೆ, ಬಟ್ಟೆಗೆ ನಡೆಯಲ್ಲ. ಹೆಚ್ಚುಕಮ್ಮಿ ಬರೀ ಸೆಲ್ಯುಲೋಸೇ ಇರಬೇಕು.

ಈಗ ಇನ್ನೊಂದು ಕಟ್ಟಡಕ್ಕೆ ಬನ್ನಿ. ಆ ಹಾಳೆಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ, ಹಿಂಡಿ, ಪುಡಿ ಮಾಡುತ್ತಾರೆ. ಕೊಬ್ಬರಿ ತುರಿ ಥರ ಬೆಳ್ಳಗೆ ಉದುರು ಉದುರಾಗಿ ಇರುತ್ತದೆ. ಅದನ್ನು ಹದವಾದ ಬಿಸಿಯಲ್ಲಿ ಸುಮ್ನೆ ಬಿಡಬೇಕು. ಇಡ್ಲಿ ಹಿಟ್ಟು ಹುಳಿ ಬರುವವರೆಗೆ ಕಾಯುತ್ತೀರಲ್ಲ, ಅಂಥದ್ದೇ ಕಾಯುವಿಕೆ. ಕಡಿಮೆ ಆದರೂ ಕೆಟ್ಟಿತು, ಜಾಸ್ತಿ ಆದರೂ ಕೆಟ್ಟಿತು. ಇಲ್ಲಿ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳು ತುಂಡು ತುಂಡಾಗಿ ಗಿಡ್ಡ ಆಗುತ್ತವೆ. ಈ ಮಾತು ನೆನಪಿಟ್ಟುಕೊಳ್ಳಿ, ಚಿಕ್ಕಮ್ಮನ ನೈಟಿಯ ಕಥೆ ಇದರಲ್ಲೇ ಇದೆ.

ಆಮೇಲೆ ಅದಕ್ಕೆ ಕಾರ್ಬನ್ ಡೈಸಲ್ಫೈಡ್ ಎನ್ನುವ ದ್ರವ ಸೇರಿಸುತ್ತಾರೆ. ಬಿಳಿ ತುರಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕೇಸರಿಬಾತಿನ ಹಾಗೆ. ಅದನ್ನು ತೆಳು ಸೋಡಾ ನೀರಿನಲ್ಲಿ ಕರಗಿಸಿದರೆ ಜೋನಿಬೆಲ್ಲದಂಥ ಒಂದು ದ್ರವ. ಈ ಅಂಟಂಟು ಗುಣದಿಂದಲೇ ಅದಕ್ಕೆ ವಿಸ್ಕೋಸ್ ಅಂತ ಹೆಸರು ಬಂದದ್ದು. ಅದನ್ನೂ ಹದಕ್ಕೆ ಬರುವವರೆಗೆ ಬಿಟ್ಟು, ಸೋಸಿ, ಒಳಗಿನ ಗಾಳಿಗುಳ್ಳೆ ತೆಗೆದು, ಕೊನೆಗೆ ಶ್ಯಾವಿಗೆ ಒರಳು.

ಹೌದು, ಶ್ಯಾವಿಗೆ ಒರಳೇ. ಬೇರೆ ಹೋಲಿಕೆ ಬೇಕಿಲ್ಲ. ಬೆಲೆಬಾಳುವ ಲೋಹದಲ್ಲಿ ಮಾಡಿದ ಒಂದು ಪುಟ್ಟ ಬಟ್ಟಲು, ಅದರ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಸಾವಿರಾರು ತೂತು. ಒತ್ತಿದರೆ ಎಳೆಗಳು ಬರುತ್ತವೆ. ನಮ್ಮ ಶ್ಯಾವಿಗೆ ಗಾಳಿಗೆ ಬಿಸಿಲಿಗೆ ಒಣಗುತ್ತದೆ, ಇದು ಬೀಳುವುದು ಸಲ್ಫ್ಯೂರಿಕ್ ಆಸಿಡ್ ತುಂಬಿದ ತೊಟ್ಟಿಗೆ. ಆಸಿಡ್ ತಾಗಿದ ತಕ್ಷಣ ದ್ರವ ಮತ್ತೆ ಗಟ್ಟಿಯಾಗಿ ಸೆಲ್ಯುಲೋಸ್ ಆಗಿಬಿಡುತ್ತದೆ. ಮರದಲ್ಲಿದ್ದ ಅದೇ ವಸ್ತು, ಈಗ ರೇಷ್ಮೆ ಎಳೆಯ ವೇಷದಲ್ಲಿ. ಎಳೆದು, ತೊಳೆದು, ಹತ್ತಿಯ ಎಳೆಯಷ್ಟು ಗಿಡ್ಡಕ್ಕೆ, ಸಾಮಾನ್ಯವಾಗಿ 38 ಮಿಲಿಮೀಟರ್, ಕತ್ತರಿಸಿ, ಒಣಗಿಸಿ, ಹತ್ತಿಯ ಅಂಡಿಗೆ ಥರ ಒತ್ತಿ ಕಟ್ಟುತ್ತಾರೆ. ಹತ್ತಿ ಗಿರಣಿಯ ಯಂತ್ರದಲ್ಲೇ ಇದನ್ನು ನೂಲಬಹುದು.

ಚಿಕ್ಕಮ್ಮ ಎಲ್ಲ ಕೇಳಿ ಅಂದದ್ದು: "ಇಷ್ಟೆಲ್ಲಾ ಮಾಡೂ ಬದಲಿ ಹತ್ತೀನ ಬಿಡಿಸಿದ್ರ ಆಗತಿತ್ತಲ್ಲ."

ನೂರು ವರ್ಷದ ಹಿಂದಿನವರಿಗೆ ಬೇಕಿದ್ದದ್ದು ಹತ್ತಿ ಅಲ್ಲ, ರೇಷ್ಮೆ. ಬಡವರ ಕೈಗೆ ಸಿಗುವ ರೇಷ್ಮೆ. ಫ್ರಾನ್ಸಿನ ಶಾರ್ದೊನೆ ಎಂಬಾತ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಕೃತಕ ರೇಷ್ಮೆ ತೋರಿಸಿದ. ಅದು ಬೇಗ ಹೊತ್ತಿಕೊಳ್ಳುತ್ತಿತ್ತು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ವಿಸ್ಕೋಸ್ ದಾರಿ ಕಂಡುಹಿಡಿದರು. ಮೇಲೆ ಹೇಳಿದ ಅಡುಗೆ ಹೆಚ್ಚೂಕಡಿಮೆ ಅವರದ್ದೇ. ಕೃತಕ ರೇಷ್ಮೆ ಅಂದರೆ ಮರ್ಯಾದೆ ಕಡಿಮೆ ಅಂತ 1924ರಲ್ಲಿ ಅಮೆರಿಕದವರು ರೆಯಾನ್ ಅಂತ ಹೊಸ ಹೆಸರಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಈ ಬಟ್ಟೆಗೆ ಹೆಸರು ಬದಲಾಯಿಸುವ ಚಟ ಬಿಟ್ಟಿಲ್ಲ.

ನಮ್ಮಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದವರು ಬಿರ್ಲಾ ಮನೆತನ. 1947ರ ಆಗಸ್ಟಿನಲ್ಲಿ, ಸ್ವಾತಂತ್ರ್ಯ ಬಂದು ಹತ್ತೇ ದಿನಕ್ಕೆ, ಗ್ವಾಲಿಯರ್ ರೆಯಾನ್ ಅಂತ ಕಂಪನಿ ನೋಂದಣಿ ಆಯಿತು. ಈಗಿನ ಗ್ರಾಸಿಮ್ ಅದೇ. 1954ರಲ್ಲಿ ಮಧ್ಯಪ್ರದೇಶದ ನಾಗ್ದಾದಲ್ಲಿ ನಾರಿನ ಕಾರ್ಖಾನೆ ಶುರುವಾಯಿತು, ಚಂಬಲ್ ನದಿಯ ದಡದಲ್ಲಿ. ನಾರಿಗೆ ಪಲ್ಪ್ ಬೇಕಲ್ಲ, ಅದಕ್ಕೆ 1963ರಲ್ಲಿ ಕೇರಳದ ಮಾವೂರು, ಚಾಲಿಯಾರ್ ನದಿಯ ದಡ. 1972ರಲ್ಲಿ ನಮ್ಮ ಕುಮಾರಪಟ್ಟಣ, ತುಂಗಭದ್ರೆಯ ದಡ. 1977ರಲ್ಲಿ ಅಲ್ಲೇ ಪಕ್ಕದಲ್ಲಿ ಗ್ರಾಸಿಲಿನ್ ಎಂಬ ಹೆಸರಿನಲ್ಲಿ ನಾರು ತೆಗೆಯುವ ಘಟಕ. ಈ ಪಟ್ಟಿಯಲ್ಲಿ ಪ್ರತಿ ಊರಿನ ಜೊತೆಗೂ ಒಂದು ಹೊಳೆ ಇದೆ, ಗಮನಿಸಿದಿರಾ? ನೆನೆಸುವುದು, ತೊಳೆಯುವುದು, ಬಸಿಯುವುದು, ಮತ್ತೆ ತೊಳೆಯುವುದು, ಇಡೀ ಅಡುಗೆಯೇ ನೀರಿನದು. ಮರ ದೂರದಿಂದ ಲಾರಿಯಲ್ಲಿ ಬರಬಹುದು, ನೀರು ಹಾಗೆ ಬರಲ್ಲ.

ಗಂಗಾ ಸ್ನಾನ, ತುಂಗಾ ಪಾನ ಅಂತ ಮಾತಿದೆ. ಕೂಡ್ಲಿಯಲ್ಲಿ ತುಂಗೆ ಭದ್ರೆ ಕೂಡಿ, ಹರಿಹರೇಶ್ವರನ ಗುಡಿಯ ಪಕ್ಕದಲ್ಲಿ ಹಾದು ಹೋಗುವ ಹೊಳೆ ಅದು. 1980ರ ದಶಕದಲ್ಲಿ ಕಾರ್ಖಾನೆಯ ಕೆಳಗಿನ ಹಳ್ಳಿಗಳ ಜನ, ನೀರು ಕೆಟ್ಟಿದೆ, ಮೀನು ಸಾಯುತ್ತಿವೆ, ಮೈಗೆ ತುರಿಕೆ ಬರುತ್ತಿದೆ ಅಂತ ದೂರು ಹೇಳತೊಡಗಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಸಂಘಟನೆ, ಇದನ್ನು ಕೈಗೆತ್ತಿಕೊಂಡಿತು. ಅಕ್ರಮ ಗಣಿಗಾರಿಕೆಯ ಕೇಸುಗಳಿಂದ ಹಿರೇಮಠರ ಹೆಸರು ಈಗಿನವರಿಗೆ ಗೊತ್ತು, ಆದರೆ ಅವರ ಹೋರಾಟ ಶುರುವಾದ ಕಾಲಕ್ಕೆ ಎದುರಿಗಿದ್ದದ್ದು ಈ ಹೊಳೆ ಮತ್ತು ಈ ಮರ.

ಮರದ ಕಥೆ ಹೊಳೆಯದ್ದಕ್ಕಿಂತ ರೋಚಕ. ಕಾರ್ಖಾನೆಗೆ ನೀಲಗಿರಿ ಸಾಲದಾಯಿತು. 1984ರಲ್ಲಿ ರಾಜ್ಯ ಸರ್ಕಾರದ ಅರಣ್ಯ ನಿಗಮ ಮತ್ತು ಹರಿಹರ್ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿದವು. ಸರ್ಕಾರದ ಪಾಲು 51, ಕಂಪನಿಯದ್ದು 49. ಸುಮಾರು 30,000 ಹೆಕ್ಟೇರ್ ಜಮೀನನ್ನು 40 ವರ್ಷಕ್ಕೆ ಗುತ್ತಿಗೆ ಕೊಡುವ ಏರ್ಪಾಡು. ಕಾಗದದ ಮೇಲೆ ಅದು ಸಿ ಮತ್ತು ಡಿ ದರ್ಜೆಯ ಪಾಳು ಭೂಮಿ. ಊರವರ ಲೆಕ್ಕದಲ್ಲಿ ಅದು ದನ ಮೇಯುವ ಜಾಗ, ಸೌದೆ ಆಯುವ ಜಾಗ, ಹಬ್ಬಕ್ಕೆ ಬೇಕಾದ ಸೊಪ್ಪು ಕಡ್ಡಿ ತರುವ ಜಾಗ. ಯಾರ ಹೆಸರಲ್ಲೂ ಇಲ್ಲದ ಜಾಗ ಅಂದರೆ ಎಲ್ಲರೂ ಬಳಸುವ ಜಾಗ ಅಂತ ಹಳ್ಳಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಮೊದಲ ಹೆಸರು ಶಿವರಾಮ ಕಾರಂತರದ್ದು. 1987ರಲ್ಲಿ ಜಮೀನು ಕೊಡುವುದಕ್ಕೆ ಕೋರ್ಟು ತಡೆ ಹಾಕಿತು. ಆದರೂ ನೆಟ್ಟ ಗಿಡಗಳು ಬೆಳೆಯುತ್ತಲೇ ಇದ್ದವು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ, ಒಂದಷ್ಟು ನೀಲಗಿರಿ ಸಸಿ ಕಿತ್ತು, ಆ ಗುಂಡಿಗಳ ಪಕ್ಕ ಹಣ್ಣಿನ ಗಿಡ, ಮೇವಿನ ಗಿಡ ನೆಟ್ಟರು. ಆ ಸತ್ಯಾಗ್ರಹದ ಹೆಸರು "ಕಿತ್ತಿಕೋ ಹಚ್ಚಿಕೋ". ನಮ್ಮ ಕಡೆ ಗಿಡ ನೆಡುವುದಕ್ಕೆ ಹಚ್ಚುವುದು ಅನ್ನುತ್ತಾರೆ, ದೀಪ ಹಚ್ಚಿದ ಹಾಗೆ ಗಿಡವನ್ನೂ ಹಚ್ಚುತ್ತಾರೆ. ಪುಸ್ತಕದ ಭಾಷೆಯಲ್ಲಿ ಆಲೋಚಿಸುವವರಿಗೆ ಇಂಥ ಹೆಸರು ಹೊಳೆಯುವುದಿಲ್ಲ ಬಿಡಿ. 1991ರಲ್ಲಿ ಸರ್ಕಾರ ಆ ಜಂಟಿ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಮಾವೂರಿನದ್ದು ಇನ್ನೊಂದು ಗತಿ. ಅಲ್ಲಿ ಕಾಡಿನ ಬಿದಿರನ್ನು ಟನ್ನಿಗೆ 1 ರೂಪಾಯಿಗೆ ಕೊಡುವ ಒಪ್ಪಂದ ಮಾಡಿಕೊಂಡೇ ಕಾರ್ಖಾನೆಯನ್ನು ಕರೆತಂದಿದ್ದರು. ಚಾಲಿಯಾರ್ ನೀರಿನ ಹೋರಾಟ, ಕಾರ್ಮಿಕರ ಮುಷ್ಕರ, ಮೂರು ವರ್ಷ ಬಾಗಿಲು ಬಂದ್, ಮತ್ತೆ ಶುರು, ಕೊನೆಗೆ 1999ರಲ್ಲಿ ಯಂತ್ರ ನಿಂತಿತು. ಹೊಳೆಗೆ ಒಳ್ಳೆಯದಾಯಿತು, ಸಾವಿರಾರು ಮನೆಗಳ ಸಂಬಳ ಹೋಯಿತು. ಈ ಎರಡರಲ್ಲಿ ಒಂದನ್ನು ಮಾತ್ರ ಹೇಳುವವರನ್ನು ನಾನು ಅಷ್ಟಾಗಿ ನಂಬಲ್ಲ.

ಯಾಕೆಂದರೆ ನಮ್ಮ ಮನೆಯಲ್ಲೇ ನೀಲಗಿರಿ ಹಾಕಿದವರಿದ್ದಾರೆ. ಚಿಕ್ಕಪ್ಪನೇ. ಗುಡ್ಡದ ಕೆಳಗಿನ ಮೂರು ಎಕರೆ ಮಸಾರಿ ಹೊಲ, ಬೋರು ಬತ್ತಿತ್ತು, ಆಳು ಸಿಗುತ್ತಿರಲಿಲ್ಲ, ಮಕ್ಕಳು ಊರು ಬಿಟ್ಟಿದ್ದರು. ಮೆಕ್ಕೆಜೋಳ ಹಾಕಿ ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ನೀಲಗಿರಿ ಹಾಕಿಬಿಟ್ಟ. ದನ ತಿನ್ನಲ್ಲ, ಕಾಯಬೇಕಿಲ್ಲ, ಗೊಬ್ಬರ ಬೇಕಿಲ್ಲ. ಐದಾರು ವರ್ಷಕ್ಕೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕಡಿಯುವ ದಿನ ನಾನೂ ಹೋಗಿದ್ದೆ. ತೊಗಟೆ ಸುಲಿದ ಕೊರಡುಗಳು ಬಿಸಿಲಲ್ಲಿ ಬೆಳ್ಳಗೆ ಮೊಳಕೈ ಮೂಳೆಯ ಹಾಗೆ ಬಿದ್ದಿದ್ದವು, ಹೊಲದ ತುಂಬ ನೆಗಡಿ ಮುಲಾಮಿನ ವಾಸನೆ. ಲಾರಿಗೆ ಏರಿಸುವವರು ತಲೆಗೆ ಟವೆಲ್ ಸುತ್ತಿ, ಇಬ್ಬಿಬ್ಬರು ಒಂದೊಂದು ತುದಿ ಹಿಡಿದು, ಲಯಕ್ಕೆ ಸರಿಯಾಗಿ ಎಸೆಯುತ್ತಿದ್ದರು. ದುಡ್ಡು ಬಂತು. ಆ ದುಡ್ಡಿನಲ್ಲಿ ಮಗಳ ಮದುವೆಯ ಅರ್ಧ ಖರ್ಚು ಹೋಯಿತು. ಆದರೆ ಪಕ್ಕದ ಹೊಲದವನು ನಾಲ್ಕು ವರ್ಷ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದ, ಬದುವಿನಿಂದ ಹತ್ತು ಮಾರು ಒಳಗೆ ಅವನ ಜೋಳ ಏಳಲೇ ಇಲ್ಲ ಅಂತ. ಬುಡ ಕಿತ್ತು ಮತ್ತೆ ಹೊಲ ಮಾಡಲು ಜೆಸಿಬಿ ತರಿಸಬೇಕಾಯಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಹಚ್ಚುವುದನ್ನೇ ನಿಷೇಧಿಸಿತು, ಅಂತರ್ಜಲದ ಕಾರಣಕ್ಕೆ. ಚಿಕ್ಕಪ್ಪ ಅಷ್ಟರೊಳಗೆ ಅಡಿಕೆಯ ಕನಸು ಕಾಣುತ್ತಿದ್ದ, ಅದು ಬೇರೆ ಕಥೆ.

ಇಲ್ಲಿಯ ಮರ ಸಾಲದೆ ಕಂಪನಿ ಹೊರಗೂ ಹೋಗಿದೆ. ಕೆನಡಾದಲ್ಲಿ ಪಲ್ಪ್ ಮಿಲ್‌ಗಳಿವೆ, 2011ರಲ್ಲಿ ಬಿರ್ಲಾ ಗುಂಪು ಸ್ವೀಡನ್ನಿನ ಒಂದು ಮಿಲ್ಲನ್ನೂ ಕೊಂಡಿತು. ಹಾಗಾಗಿ ನಿಮ್ಮ ಕುರ್ತಾದಲ್ಲಿ ಚಿಕ್ಕಪ್ಪನ ಮಸಾರಿ ಹೊಲವೂ ಇರಬಹುದು, ಹಿಮ ಬೀಳುವ ಊರಿನ ಸ್ಪ್ರೂಸ್ ಮರವೂ ಇರಬಹುದು.

ಈಗ ನೈಟಿ ಯಾಕೆ ಗಿಡ್ಡ ಆಯಿತು ಅನ್ನುವುದಕ್ಕೆ ಬರೋಣ. ಹತ್ತಿಯಲ್ಲಿ ಸೆಲ್ಯುಲೋಸಿನ ಸರಪಳಿ ಬಹಳ ಉದ್ದ. ವಿಸ್ಕೋಸ್ ಮಾಡುವಾಗ ಆ ಸರಪಳಿಯನ್ನು ಬೇಕೆಂದೇ ತುಂಡರಿಸಿರುತ್ತಾರೆ, ಇಲ್ಲದಿದ್ದರೆ ಅದು ಕರಗುವುದೂ ಇಲ್ಲ, ಒರಳಿನಿಂದ ಇಳಿಯುವುದೂ ಇಲ್ಲ. ಗಿಡ್ಡ ಸರಪಳಿಗಳ ನಡುವೆ ನೀರು ಸಲೀಸಾಗಿ ನುಗ್ಗುತ್ತದೆ. ಎಳೆ ಉಬ್ಬುತ್ತದೆ. ಹತ್ತಿ ಒದ್ದೆಯಾದರೆ ಇನ್ನೂ ಗಟ್ಟಿ, ವಿಸ್ಕೋಸ್ ಒದ್ದೆಯಾದರೆ ಅದರ ಬಲ ಹತ್ತಿರ ಹತ್ತಿರ ಅರ್ಧ ಆಗಿಬಿಡುತ್ತದೆ. ಗಿರಣಿಯಲ್ಲಿ ಎಳೆದೆಳೆದು ನೇಯ್ದ ಬಟ್ಟೆ, ನೀರಿನಲ್ಲಿ ನೆನೆದಾಗ ಆ ಬಿಗಿ ಬಿಟ್ಟುಕೊಂಡು ತನ್ನ ಮೊದಲ ಅಳತೆಗೆ ವಾಪಸ್ ಹೋಗುತ್ತದೆ. ಅಂಥ ಹೊತ್ತಿನಲ್ಲೇ ಕಲ್ಲಿಗೆ ಬಡಿದು ಹಿಂಡಿದರೆ ಕೇಳಬೇಕೆ? ಇದರದ್ದು ಕಾಯಿಲೆಯವರನ್ನು ಮೀಯಿಸಿದ ಹಾಗೆ ಒಗೆಯಬೇಕಾದ ಜಾತಿ. ತಣ್ಣೀರು, ಹತ್ತು ನಿಮಿಷ, ಬಡಿಯುವುದು ಬೇಡ, ಹಿಂಡುವುದು ಬೇಡ, ನೆರಳಲ್ಲಿ ಹಾಕಿ. ಕೊಳ್ಳುವಾಗಲೇ ಒಂದು ಸೈಜ್ ದೊಡ್ಡದು ತಗೊಳ್ಳಿ.

ಇದೇ ಗುಣ ಒಳ್ಳೆಯದಕ್ಕೂ ಬರುತ್ತದೆ. ಸೆಕೆಗಾಲದಲ್ಲಿ ಬೆವರನ್ನು ಹತ್ತಿಗಿಂತ ಚೆನ್ನಾಗಿ ಹೀರುತ್ತದೆ, ಪಾಲಿಯೆಸ್ಟರ್ ಅಂತೂ ಹತ್ತಿರಕ್ಕೂ ಬರಲ್ಲ. ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಮೈಮೇಲೆ ನೀರಿನಂತೆ ಇಳಿಯುತ್ತದೆ. ದಾವಣಗೆರೆಯ ಏಪ್ರಿಲ್‌ನಲ್ಲಿ ನಾನೇ ಎರಡು ಅಂಗಿ ಇದರದ್ದೇ ಹಾಕುತ್ತೇನೆ.

ಯಾವ ಬಟ್ಟೆ ಅಂತ ಸಂಶಯ ಇದ್ದರೆ ಹೊಲಿಗೆಯ ಅಂಚಿನಿಂದ ಒಂದೆಳೆ ಕಿತ್ತು ಗ್ಯಾಸ್ ಉರಿಗೆ ಹಿಡಿಯಿರಿ. ನಾನು ಅವತ್ತೇ ಮಾಡಿ ನೋಡಿದೆ, ಇಕ್ಕಳದಲ್ಲಿ ಹಿಡಿದು. ಬರ್ ಅಂತ ಹೊತ್ತಿ, ಹಾಳೆ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿಯಿತು. ಅಂದರೆ ಸೆಲ್ಯುಲೋಸ್. ಪಾಲಿಯೆಸ್ಟರ್ ಆದರೆ ಕರಗಿ, ಮುದುಡಿ, ಗಟ್ಟಿ ಮಣಿ ಆಗುತ್ತದೆ. ಹತ್ತಿಯೂ ವಿಸ್ಕೋಸೂ ಬೆಂಕಿಯಲ್ಲಿ ಒಂದೇ ಥರ, ಅವನ್ನು ಬೇರೆ ಮಾಡಲು ಎಳೆಗೆ ನೀರು ಹಚ್ಚಿ ಎಳೆಯಬೇಕು. ಪುಸಕ್ಕನೆ ತುಂಡಾದರೆ ವಿಸ್ಕೋಸ್.

ಈಗ ಅಂಗಡಿಯಲ್ಲಿ ಇದಕ್ಕೆ ಹಚ್ಚುತ್ತಿರುವ ಹೊಸ ಚೀಟಿ "ನ್ಯಾಚುರಲ್". ನನ್ನ ತಕರಾರು ಇಲ್ಲಿದೆ. ಮರದಿಂದ ಬಂತು, ಮಣ್ಣಿಗೆ ಬಿದ್ದರೆ ಕೊಳೆಯುತ್ತದೆ, ಎರಡೂ ನಿಜ. ನಡುವಿನದ್ದು ಎಲ್ಲಿ ಹೋಯಿತು? ಕಾರ್ಬನ್ ಡೈಸಲ್ಫೈಡ್ ಸಾಮಾನ್ಯ ವಸ್ತುವಲ್ಲ. ಅದರ ಆವಿ ಕುಡಿದು ನರ ಕೆಟ್ಟ, ತಲೆ ಕೆಟ್ಟ ಕೆಲಸಗಾರರ ದಾಖಲೆ ಯುರೋಪಿನಲ್ಲಿ 19ನೇ ಶತಮಾನದ ರಬ್ಬರ್ ಕಾರ್ಖಾನೆಗಳ ಕಾಲದಿಂದ ಇದೆ, ರೆಯಾನ್ ಕಾರ್ಖಾನೆಗಳಲ್ಲೂ ಅದೇ ಕಥೆ ಮುಂದುವರಿಯಿತು. ನೈಟಿಯಲ್ಲಿ ಅದು ಉಳಿದಿರಲ್ಲ, ಉಡುವವರಿಗೆ ಭಯ ಬೇಡ. ಅಪಾಯ ಮಾಡುವವರಿಗೆ, ಕಾರ್ಖಾನೆಯ ಅಕ್ಕಪಕ್ಕದವರಿಗೆ. ಮುಚ್ಚಿದ ಯಂತ್ರದಲ್ಲಿ ಕೆಲಸ ನಡೆಸಿ, ಆವಿಯನ್ನು ಹಿಡಿದು ಮತ್ತೆ ಬಳಸುವ, ಉಳಿದದ್ದನ್ನು ಸಲ್ಫ್ಯೂರಿಕ್ ಆಸಿಡ್ ಮಾಡಿಕೊಳ್ಳುವ ವ್ಯವಸ್ಥೆ ಈಗ ಇದೆ. ಅದಕ್ಕೆ ದುಡ್ಡು ಬೇಕು. ಹಾಕಿದ್ದಾರೋ ಇಲ್ಲವೋ ಅನ್ನುವುದು ಚೀಟಿಯಲ್ಲಿ ಬರಲ್ಲ, ಹಸಿರು ಎಲೆಯ ಚಿತ್ರ ಮಾತ್ರ ಬರುತ್ತದೆ.

"ಬಿದಿರಿನ ಬಟ್ಟೆ" ಅಂತ ಮಾರುವುದು ಇನ್ನೂ ಮೋಜು. ಬಹುಪಾಲು ಅದೂ ಇದೇ ವಿಸ್ಕೋಸ್, ನೀಲಗಿರಿಯ ಬದಲು ಬಿದಿರು ಬೇಯಿಸಿರುತ್ತಾರೆ ಅಷ್ಟೇ. ಅಮೆರಿಕದಲ್ಲಿ 2022ರಲ್ಲಿ ವಾಲ್‌ಮಾರ್ಟ್ ಮತ್ತು ಕೋಲ್ಸ್ ಈ ರೀತಿ ರೆಯಾನನ್ನು ಬಿದಿರು ಎಂದು ಮಾರಿದ ಆರೋಪಕ್ಕೆ ಒಟ್ಟು 55 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿದವು. ನಮ್ಮಲ್ಲಿ ಇನ್ನೂ ಬಿದಿರಿನ ಕಾಲುಚೀಲ ಪೂಜ್ಯ ವಸ್ತು.

ಈ ಕಾರ್ಬನ್ ಡೈಸಲ್ಫೈಡನ್ನೇ ಬಿಡುವ ದಾರಿ ಒಂದಿದೆ, ಲಯೋಸೆಲ್. ಇದರಲ್ಲಿ ಪಲ್ಪನ್ನು ಎನ್‌ಎಂಎಂಒ ಎನ್ನುವ ಒಂದು ದ್ರಾವಕದಲ್ಲಿ ನೇರವಾಗಿ ಕರಗಿಸುತ್ತಾರೆ. ಎಳೆ ಬೀಳುವ ತೊಟ್ಟಿಯಲ್ಲಿ ಆಸಿಡ್ ಇಲ್ಲ, ನೀರು. ತೊಟ್ಟಿಯಲ್ಲಿ ಸೇರಿದ ದ್ರಾವಕವನ್ನು ಶೇಕಡಾ 99ಕ್ಕಿಂತ ಜಾಸ್ತಿ ವಾಪಸ್ ತೆಗೆದು ಮತ್ತೆ ಬಳಸುತ್ತಾರೆ. ಒದ್ದೆಯಾದಾಗಲೂ ಬಲ ಅಷ್ಟು ಇಳಿಯಲ್ಲ. ಇದರಲ್ಲಿ ಹೆಸರು ಮಾಡಿದ್ದು ಆಸ್ಟ್ರಿಯಾದ ಲೆನ್ಸಿಂಗ್, ಆಟರ್ಸೇ ಸರೋವರದ ಹತ್ತಿರದ ಅದೇ ಹೆಸರಿನ ಊರಿನ ಕಂಪನಿ, 1938ರಿಂದ ಮರದ ನಾರು ಮಾಡುತ್ತಿದೆ. ಟೆನ್ಸೆಲ್ ಅನ್ನುವುದು ಅವರ ಹೆಸರು. ಅದನ್ನು ಮೊದಲು ಮಾರುಕಟ್ಟೆಗೆ ತಂದವರು ಇಂಗ್ಲೆಂಡಿನ ಕೋರ್ಟಾಲ್ಡ್ಸ್, ಲೆನ್ಸಿಂಗ್ ಅದನ್ನು ಕೊಂಡದ್ದು 2004ರಲ್ಲಿ. ಗ್ರಾಸಿಮ್ ಕೂಡ ಎಕ್ಸೆಲ್ ಎಂಬ ಹೆಸರಲ್ಲಿ ಲಯೋಸೆಲ್ ಮಾಡುತ್ತದೆ, ಹರಿಹರದಲ್ಲೇ ದೊಡ್ಡ ಲಯೋಸೆಲ್ ಘಟಕ ಹಾಕುವುದಾಗಿ 2024ರಲ್ಲಿ ಹೇಳಿದೆ, ಮೊದಲ ಹಂತದಲ್ಲೇ ವರ್ಷಕ್ಕೆ 55,000 ಟನ್. ಅಂದರೆ ಅದೇ ಹೊಳೆಯ ದಡಕ್ಕೆ ಕಾರ್ಬನ್ ಡೈಸಲ್ಫೈಡ್ ಇಲ್ಲದ ನಾರು ಬರಲಿದೆ. ಬರಲಿ. ಪಲ್ಪ್ ಬೇಯಿಸುವುದಕ್ಕೆ ಮರವೂ ನೀರೂ ಆಗಲೂ ಬೇಕೇ ಬೇಕು, ಅದರ ಲೆಕ್ಕ ಕೇಳುವವರೂ ಬೇಕು.

ಸದ್ಯ ಲಯೋಸೆಲ್ ಬೆಲೆ ಜಾಸ್ತಿ. ಬೆಣ್ಣೆ ಥರದ ನೈಟಿ ಮಾರುವವನು ಅದನ್ನು ಇಟ್ಟುಕೊಂಡಿರಲಿಲ್ಲ. ನಾನು ಅಂಗಡಿಗೆ ಮತ್ತೆ ಹೋಗಿ, ಕಾಟನ್ ಅಂದಿರಲ್ಲ, ಚೀಟಿಯಲ್ಲಿ ವಿಸ್ಕೋಸ್ ಇದೆ ಅಂದೆ. "ಎರಡೂ ಒಂದೇ ಸಾರ್" ಅಂದ. ಬೆಂಕಿ ಪರೀಕ್ಷೆಯ ಪ್ರಕಾರ ಅವನ ಮಾತು ತಪ್ಪಲ್ಲ, ಹಾಗಾಗಿ ಜಗಳ ಆಡುವ ಉತ್ಸಾಹ ಅಲ್ಲೇ ಇಳಿಯಿತು.

ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ದಳು. ಎರಡನೆಯ ನೈಟಿಯನ್ನು ನಾನು ಹೇಳಿದ ಹಾಗೆ ತಣ್ಣೀರಿನಲ್ಲಿ ಅದ್ದಿ ನೆರಳಿಗೆ ಹಾಕಿದಳಂತೆ, ನಾಲ್ಕು ಬೆರಳಷ್ಟೇ ಮೇಲೆ ಹೋಗಿದೆ. ಮೊದಲನೆಯದನ್ನು ಏನು ಮಾಡಿದೆ ಅಂತ ಕೇಳಿದೆ.

"ಹರದು ಕಟ್ಟಿ ಒರಸೂ ಬಟ್ಟಿ ಮಾಡೀನಿ. ಏನ್ ನೀರ ಕುಡಿತೈತಿ ಅಂತಿ ಅದು, ಒಂದ ಕೊಡ ಚೆಲ್ಲಿದ್ರೂ ಒರಸತೈತಿ. ಮುಂದಿನ ಸಲ ಬರೂ ಮುಂದ ನೈಟಿ ತರಬ್ಯಾಡ. ಅಂಥಾದ್ದ ನಾಕು ಒರಸೂ ಬಟ್ಟಿ ತಾ."